ಮೂರನೆಯ ಬಿಂದಿಗೆ

ನಮ್ಮೂರಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಮನೆಯೊಳಗೆ ಯಾರೂ ಇರಬಾರದು. ಒಲೆಯ ಮೇಲೆ ಎಸರು ಕುದಿಯುತ್ತಿದ್ದರೆ ಕೊಳ್ಳಿಯನ್ನು ಹಿಂದಕ್ಕೆಳೆದು, ತೊಟ್ಟಿಲ ಕೂಸನ್ನು ಎತ್ತಿಕೊಂಡು, ನಡೆಯಲಾರದವರನ್ನು ಮಂಚದ ಸಮೇತ ಹೊತ್ತು, ಬೆಕ್ಕನ್ನೂ ಓಡಿಸಿ ಎಲ್ಲರೂ ಜಗಲಿಗೆ ಬಂದು ಕೂರಬೇಕು. ಬಾಗಿಲ ಕಡೆಗೆ ಬೆನ್ನು. ಗುಡಿಯಲ್ಲಿ ಮಂಗಳಾರತಿ ಮುಗಿದು ಎರಡನೆಯ ಗಂಟೆ ಆದಾಗ ಮನೆಯ ಹಿರಿಯ ಹೆಂಗಸು ಒಬ್ಬಳೇ ಎದ್ದು ಮೊದಲು ಒಳಗೆ ಹೋಗುತ್ತಾಳೆ. ಅಷ್ಟು ಹೊತ್ತಿಗೆ ಹಿಂದಿನ ಕೋಣೆಯ ನೀರಿನ ಕಟ್ಟೆಯ ಮೇಲೆ ಸಾಲಾಗಿಟ್ಟ ಬಿಂದಿಗೆಗಳು ತುಂಬಿರುತ್ತವೆ. ಉಸಿರಾಡುವ ಒಂದು ಜೀವಕ್ಕೆ ಒಂದು ಬಿಂದಿಗೆ. ದೊಡ್ಡ ಮನೆಯವರಾದರೂ ಅಷ್ಟೆ, ಹುಟ್ಟಿ ಮೂರು ದಿನದ ಕೂಸಾದರೂ ಅಷ್ಟೆ. ಊರಲ್ಲಿ ಬಾವಿಯಿಲ್ಲ, ಹೊಳೆಯಿಲ್ಲ. ದೇವರು ಅಳೆದು ಕೊಟ್ಟದ್ದನ್ನು ಮಾರನೆಯ ಮಧ್ಯಾಹ್ನದವರೆಗೆ ಹಿಗ್ಗಿಸಿಕೊಳ್ಳುವುದು ಮನೆಯವರ ಕೆಲಸ.

ಪರಸ್ಥಳಕ್ಕೆ ಹೋದವರ ಬಿಂದಿಗೆಯೂ ಕಟ್ಟೆಯ ಮೇಲೇ ಇರುತ್ತದೆ. ಅವರು ಎಲ್ಲಿಯೇ ಇರಲಿ, ಜೀವವಿದ್ದರೆ ಬಿಂದಿಗೆ ತುಂಬುತ್ತದೆ. ಆದರೆ ಆ ನೀರನ್ನು ಮನೆಯವರು ಮುಟ್ಟುವಂತಿಲ್ಲ. ಸಂಜೆ ಅದನ್ನು ಹೊತ್ತು ಊರ ಗಡಿಯ ಅರವಟ್ಟಿಗೆಯ ಗುಡಾಣಕ್ಕೆ ಸುರಿದು ಬರಬೇಕು. ನಮ್ಮವರಿಗೆ ಎಲ್ಲೋ ಯಾರೋ ನೀರು ಕೊಡುತ್ತಿರುತ್ತಾರೆ, ಇಲ್ಲಿ ನಾವು ದಾರಿಹೋಕರಿಗೆ ಕೊಡಬೇಕು. ಯಾವ ದಿನ ಬಿಂದಿಗೆ ಒಣಗಿರುತ್ತದೋ ಆ ದಿನ ಸೂತಕ. ಮನೆಯವರೆಲ್ಲ ತಲೆಯ ಮೇಲೆ ನೀರು ಹಾಕಿಕೊಂಡು, ಆ ಬಿಂದಿಗೆಯನ್ನು ಗುಡಿಯ ಹಿಂದಿನ ಹೊಂಗೆಮರದ ಕೆಳಗೆ ಬೋರಲು ಹಾಕಿ ಬರುತ್ತಾರೆ. ಸತ್ತವನು ಗಂಡನಾಗಿದ್ದು ಮಕ್ಕಳಿಲ್ಲದಿದ್ದರೆ, ಹದಿನಾರನೆಯ ದಿನ ಹೆಂಡತಿ ಬಳೆ ತೆಗೆದಿಟ್ಟು ತನ್ನ ಬಿಂದಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ಹೊರಡಬೇಕು. ನಾನು ಹುಟ್ಟುವ ಮೊದಲೇ ಹೀಗಿತ್ತು. ಹೀಗೇಕೆ ಎಂದು ಯಾರೂ ಕೇಳಿದ್ದು ನಾನು ಕಂಡಿಲ್ಲ.

ನನ್ನ ಗಂಡ ರುದ್ರೇಶ ಪಾತ್ರೆಗೆ ಕಲಾಯಿ ಹಾಕುವವನು. ನಮ್ಮೂರ ನೀರು ಬರಿಯ ತಾಮ್ರದಲ್ಲಿ ನಿಂತರೆ ಕಿಲುಬು ಹಿಡಿಯುತ್ತದೆ, ಆದ್ದರಿಂದ ಎಲ್ಲ ಬಿಂದಿಗೆಗಳಿಗೂ ಬಾಯಿಂದ ತಳದವರೆಗೆ ಬಿಳಿಯ ಕಲಾಯಿ ಬೇಕೇ ಬೇಕು. ಊರಿನ ಪಾತ್ರೆಗಳು ಮುಗಿದ ಮೇಲೆ ಅವನು ತಿದಿ, ಇದ್ದಿಲು, ತವರದ ತುಂಡುಗಳನ್ನು ಕಾವಡಿಗೆ ಕಟ್ಟಿಕೊಂಡು ಊರೂರು ಸುತ್ತಿ ಮೂರು ತಿಂಗಳಿಗೆ ಬರುತ್ತಿದ್ದ. ಮದುವೆಯಾದ ಎರಡನೆಯ ವರ್ಷ ಹಾಗೆಯೇ ಹೊರಟ. ಹೊರಡುವ ವಾರ ಮನೆಯ ಮೂರೂ ಬಿಂದಿಗೆಗಳನ್ನು ಕಾಯಿಸಿ, ಹತ್ತಿಯಿಂದ ತವರವನ್ನು ಸವರಿ, ಬೆಳ್ಳಿಯ ಹಾಗೆ ಮಾಡಿಟ್ಟ. ತನ್ನದನ್ನು ಕೊನೆಗೆ ಮಾಡಿದ. ಸವೆದರೆ ಬೇರೆಯವರ ಕೈಗೆ ಕೊಡಬೇಡಿ, ಬಂದು ನಾನೇ ಹಾಕುತ್ತೇನೆ ಎಂದ. ಆಗ ನನಗೆ ಇಪ್ಪತ್ತೊಂದು ವರ್ಷ. ಮೂರು ತಿಂಗಳು ಕಳೆಯಿತು, ಆರು ಕಳೆಯಿತು, ಅವನು ಬರಲಿಲ್ಲ. ಮಧ್ಯಾಹ್ನ ನನ್ನ ಅತ್ತೆ ಹಾಲಮ್ಮನವರು ಒಳಗೆ ಹೋದ ಮೇಲೆ ನಾನು ಜಗಲಿಯಿಂದ ಕೂಗುತ್ತಿದ್ದೆ, "ಬಂತಾ ಅತ್ತೆ?" ಒಳಗಿನಿಂದ "ಬಂತು ಕೆಂಚಿ" ಎನ್ನುತ್ತಿದ್ದರು. ಹೋಗಿ ನೋಡಿದರೆ ಅವನ ಬಿಂದಿಗೆ ಕಂಠದವರೆಗೆ ತುಂಬಿರುತ್ತಿತ್ತು. ಅದನ್ನು ನೋಡಿಯೇ ನಾನು ಊಟಕ್ಕೆ ಕೂರುತ್ತಿದ್ದುದು.

ಅವನು ಹೋಗಿ ಒಂದು ವರ್ಷವಾದ ಮೇಲೆ ಅತ್ತೆಗೆ ಮಡಿ ಹೆಚ್ಚಾಯಿತು. ತನ್ನ ಬಿಂದಿಗೆಯನ್ನು ಇನ್ನು ಯಾರೂ ಮುಟ್ಟಬಾರದು, ಅದು ದೇವರ ನೀರು ಎಂದು ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿಟ್ಟರು. ಮನೆ ನಡೆಯಬೇಕಾದದ್ದು ನನ್ನ ಒಂದು ಬಿಂದಿಗೆಯಲ್ಲಿ. ಅಲ್ಲಿಂದ ಅವರು ನನಗೆ ಕಲಿಸಿದ್ದನ್ನು ಹೇಳಿದರೆ ಬೇರೆ ಊರಿನವರು ನಂಬುವುದಿಲ್ಲ. ಅಕ್ಕಿ ತೊಳೆದ ನೀರಲ್ಲಿ ಸೊಪ್ಪು ತೊಳೆದು, ಸೊಪ್ಪಿನ ನೀರಲ್ಲಿ ಕೈಕಾಲು ತೊಳೆದು, ಕೈಕಾಲಿನ ನೀರು ನುಗ್ಗೆಗಿಡದ ಬುಡಕ್ಕೆ. ಪಾತ್ರೆಯನ್ನು ಬೂದಿಯಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಎಲ್ಲಕ್ಕೂ ಸೇರಿ ಒಂದೇ ಚೊಂಬು. ಉರಿ ಜಾಸ್ತಿಯಾದರೆ ಒಲೆಯೇ ನೀರು ಕುಡಿದುಬಿಡುತ್ತದೆ ಎನ್ನುತ್ತಿದ್ದರು. ಬೇಳೆ ಒಂದು ಕುದಿ ಬಂದ ಕೂಡಲೇ ಪಾತ್ರೆಯನ್ನು ಇಳಿಸಿ, ಹುಲ್ಲು ತುಂಬಿದ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಕೌದಿ ಹೊದಿಸಿಬಿಡುವುದು. ತನ್ನ ಬಿಸಿಯಲ್ಲಿ ತಾನೇ ಬೇಯುತ್ತಿತ್ತು. ಮುಚ್ಚಳಕ್ಕೆ ಅಂಟಿದ ಹಬೆಯ ಹನಿಗಳನ್ನೂ ಕೊಡವಿ ಸಾರಿಗೆ ಬೀಳಿಸುತ್ತಿದ್ದರು. ವಾರಕ್ಕೊಮ್ಮೆ ಮೈಗೆ ಹಾಕಿಕೊಳ್ಳುವ ನೀರನ್ನು ಅಂಗಳದ ಬಿಸಿಲಲ್ಲಿಟ್ಟು ಕಾಯಿಸುವುದು, ಕಟ್ಟಿಗೆ ಮುಟ್ಟುವಂತಿಲ್ಲ. ಸಂಜೆ ದೇವರ ಮುಂದೆ ಹಚ್ಚಿದ ದೀಪ ಒಂದೇ. ಅದರ ಬೆಳಕಲ್ಲೇ ಪೂಜೆ, ಅದರ ಬೆಳಕಲ್ಲೇ ಊಟ, ಅದರ ಬೆಳಕಲ್ಲೇ ನನ್ನ ಹೊಲಿಗೆ.

ನನಗೆ ಸಿಟ್ಟು ಬರುತ್ತಿತ್ತು. ಒಂದು ಪೂರ್ತಿ ಬಿಂದಿಗೆ ನೀರನ್ನು ತಾವಿಟ್ಟುಕೊಂಡು ನನ್ನದರಲ್ಲಿ ಪಾಲು ಕೇಳುತ್ತಾರಲ್ಲ ಎಂದು. ಪಕ್ಕದ ಮನೆಯ ಸಾಕಮ್ಮ ಜಗಲಿಯಿಂದ ಜಗಲಿಗೆ ಹಂಗಿಸುತ್ತಿದ್ದಳು: ನಿಮ್ಮತ್ತೆ ಕಣ್ಣೀರು ಹಾಕಬೇಕಾದರೂ ಅಳತೆ ಮಾಡಿಯೇ ಹಾಕ್ತಾಳೆ, ಮಿಕ್ಕಿದ್ದನ್ನ ನುಗ್ಗೆಗಿಡಕ್ಕೆ ಬಿಡ್ತಾಳೆ ಅಂತ. ನಾನು ನಕ್ಕುಬಿಡುತ್ತಿದ್ದೆ. ಅತ್ತೆಗೂ ಕೇಳಿಸಿರಬೇಕು. ಅವರು ಬಾಯಲ್ಲಿ ಒಂದು ಒಣ ನೆಲ್ಲಿಚೂರು ಇಟ್ಟುಕೊಂಡು ಸುಮ್ಮನಿರುತ್ತಿದ್ದರು. ಯಾವಾಗಲೂ ಅವರ ಬಾಯಲ್ಲಿ ಆ ನೆಲ್ಲಿಚೂರು. ಅವರು ನೀರು ಕುಡಿಯುವುದನ್ನು ನಾನು ನೋಡಿದ್ದೇ ಕಡಿಮೆ. ಮಡಿಯವರು, ಒಳಗೆಲ್ಲೋ ಕುಡಿಯುತ್ತಾರೆ ಎಂದುಕೊಂಡಿದ್ದೆ.

ಸಂಜೆ ರುದ್ರೇಶನ ಬಿಂದಿಗೆ ಹೊತ್ತು ಅರವಟ್ಟಿಗೆಗೆ ಹೋಗುವುದು ನನ್ನ ಕೆಲಸ. ಆ ಹೊತ್ತಿಗೆ ದಾರಿಯಲ್ಲಿ ಬಂದವರು ಗುಡಾಣದ ಹತ್ತಿರ ಬೊಗಸೆ ಒಡ್ಡಿ ಕೂತಿರುತ್ತಿದ್ದರು. ಕುಡಿದು, ಒದ್ದೆ ಕೈಯನ್ನು ಮುಖಕ್ಕೆ ಸವರಿಕೊಂಡು, "ನಿನ್ನವನು ತಣ್ಣಗಿರಲಿ ತಾಯಿ" ಎನ್ನುತ್ತಿದ್ದರು. ನಾನು ಸೆರಗೊಡ್ಡಿ ಆ ಮಾತನ್ನು ತೆಗೆದುಕೊಂಡು ಮನೆಗೆ ಬರುತ್ತಿದ್ದೆ. ಹತ್ತು ವರ್ಷ ಹಾಗೆ ಬಂದೆ.

ಹತ್ತನೆಯ ವರ್ಷದ ಕೊನೆಗೆ ಅತ್ತೆಗೆ ಜ್ವರ ಬಂತು. ಮೈ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ಗಂಟೆಯ ಹೊತ್ತಿಗೆ ಸಾಕಮ್ಮ ಮತ್ತು ನಾನು ಮಂಚವನ್ನು ಹಿಡಿದು ಜಗಲಿಗೆ ತಂದೆವು. ಎರಡನೆಯ ಗಂಟೆಯಾದಾಗ ಅವರು ಏಳಲು ನೋಡಿದರು. ಮೊಣಕೈ ಊರಿ, ಕುಸಿದು, ಮತ್ತೆ ಊರಿ, "ನಾನೇ ಹೋಗ್ಬೇಕು, ನಾನೇ ಹೋಗ್ಬೇಕು" ಎಂದರು. ಜ್ವರದ ಬಡಬಡಿಕೆ ಎಂದುಕೊಂಡೆವು. ಸಾಕಮ್ಮ ಅವರ ಭುಜವನ್ನು ಒತ್ತಿ ಹಿಡಿದು, "ನಿನ್ನ ಬಿಟ್ಟರೆ ಹಿರಿಯಳು ಅವಳೇ ಅಲ್ವಾ, ಮಲಕ್ಕೋ ಅಕ್ಕ" ಎಂದಳು. ನಾನು ಮೊದಲ ಸಲ ಆ ಮನೆಗೆ ಮೊದಲಿಗಳಾಗಿ ಹೋದೆ.

ಕಟ್ಟೆಯ ಮೇಲೆ ನನ್ನ ಬಿಂದಿಗೆ ತುಂಬಿತ್ತು. ಅತ್ತೆಯದರ ಮೇಲಿನ ಬಟ್ಟೆ ಸರಿಸಿ ನೋಡಿದೆ, ತುಂಬಿತ್ತು. ರುದ್ರೇಶನ ಬಿಂದಿಗೆಯಲ್ಲಿ ನೀರಿರಲಿಲ್ಲ. ಒಳಗೆ ಕೈ ಇಳಿಸಿದೆ. ತಳ ಬೆಚ್ಚಗಿತ್ತು, ಒಣಗಿತ್ತು.

ಈಗ, ಈ ಮಧ್ಯಾಹ್ನ, ಎಲ್ಲೋ ಒಂದು ಊರಲ್ಲಿ ಅವನ ಉಸಿರು ನಿಂತಿತು ಎಂದುಕೊಂಡೆ. ನಿನ್ನೆ ಇದ್ದ, ಇವತ್ತು ಇಲ್ಲ. ಬಾಯಿ ತೆರೆದು ಅಳಬೇಕೆನ್ನುವಾಗ ಹೊರಗಿನಿಂದ ಸಾಕಮ್ಮ "ಬಂತೇನೇ?" ಎಂದಳು. ಅದರ ಹಿಂದೆಯೇ ಅತ್ತೆಯ ನರಳುವ ದನಿ. ಸುಡುವ ಜ್ವರದಲ್ಲಿರುವ ತಾಯಿಗೆ ಇದನ್ನು ಹೇಳಿದರೆ ಸಂಜೆಯೊಳಗೆ ಎರಡು ಬಿಂದಿಗೆ ಬೋರಲಾಗುತ್ತದೆ. ನಾನು ನನ್ನ ಬಿಂದಿಗೆಯನ್ನು ಎತ್ತಿ ಅದರ ಬಾಯನ್ನು ಅವನದರ ಬಾಯಿಗೆ ಇಟ್ಟು ಬಗ್ಗಿಸಿದೆ. ಒಂದು ಹನಿ ಚೆಲ್ಲಲಿಲ್ಲ. ಅವನದರ ಅಂಚಿನಲ್ಲಿ ಒಂದು ಕಡೆ ಕಲಾಯಿ ಸವೆದು ತಾಮ್ರ ಕೆಂಪಗೆ ಕಾಣುತ್ತಿತ್ತು, ಸ್ವಲ್ಪ ತಗ್ಗೂ ಆಗಿತ್ತು. ನನ್ನ ಬಿಂದಿಗೆಯ ಕಂಠ ಆ ತಗ್ಗಿನಲ್ಲಿ ಸರಿಯಾಗಿ ಕೂತಿತು. ಆಗ ಅದರ ಬಗ್ಗೆ ಯೋಚಿಸಲಿಲ್ಲ. "ಬಂತು" ಎಂದು ಕೂಗಿದೆ.

ಒಂಬತ್ತು ದಿನ ಜ್ವರವಿತ್ತು. ಒಂಬತ್ತು ದಿನವೂ ಹಾಗೆ ಸುರಿದೆ. ಮಡಿ ಎಂದು ನೋಡಲಿಲ್ಲ, ಅತ್ತೆಯ ಬಿಂದಿಗೆಯ ನೀರಲ್ಲೇ ಅವರ ಹಣೆಗೆ ಬಟ್ಟೆ ಹಾಕಿದೆ, ಗಂಜಿ ಕಾಯಿಸಿದೆ. ನನ್ನ ಗಂಡನಿಗಾಗಿ ಒಂದು ತೊಟ್ಟು ಕಣ್ಣೀರು ಹಾಕಲು ನನಗೆ ಜಾಗವಿರಲಿಲ್ಲ. ಸಂಜೆ ಅರವಟ್ಟಿಗೆಯಲ್ಲಿ "ನಿನ್ನವನು ತಣ್ಣಗಿರಲಿ" ಎಂದಾಗ ತಲೆ ತಗ್ಗಿಸಿ, ಬರುವ ದಾರಿಯಲ್ಲಿ ಹೊಲದ ಬದುವಿನ ಹತ್ತಿರ ಸ್ವಲ್ಪ ಅತ್ತು ಬರುತ್ತಿದ್ದೆ.

ಹತ್ತನೆಯ ದಿನ ಜ್ವರ ಬಿಟ್ಟಿತು. ಕಾಲಿಗೆ ಮಾತ್ರ ಮತ್ತೆ ಶಕ್ತಿ ಬರಲಿಲ್ಲ, ಮಂಚವೇ ಗತಿಯಾಯಿತು. ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಅವನ ಬಿಂದಿಗೆ?" ಎಂದು. ಅವರ ಮುಖದಲ್ಲಿದ್ದ ಹೆದರಿಕೆಯನ್ನು ನಾನು ತಾಯಿಯ ಹೆದರಿಕೆ ಎಂದುಕೊಂಡೆ.

"ತುಂಬಿದೆ ಅತ್ತೆ."

"ಯಾರು ಒಳಗೆ ಹೋಗ್ತಿದ್ರು ಮೊದಲು?"

"ನಾನೇ."

"ನೀನು ಹೋದಾಗಲೇ ತುಂಬಿತ್ತಾ? ಎಲ್ಲ ದಿನಾನೂ?"

"ಎಲ್ಲ ದಿನಾನೂ ಅತ್ತೆ."

ಅವರು ನಂಬಲಿಲ್ಲ. ತಂದು ತೋರಿಸು ಎಂದರು. ನಾನು ಬಿಂದಿಗೆಯನ್ನು ಹೊತ್ತು ತಂದು ಮಂಚದ ಪಕ್ಕ ಇಟ್ಟೆ. ಅವರು ಮಣಿಕಟ್ಟಿನವರೆಗೆ ಕೈ ಮುಳುಗಿಸಿ ಹಾಗೇ ಇದ್ದರು. ಆ ಮುಖದಲ್ಲಿ ಏನೇನು ಹಾದುಹೋಯಿತೆಂದು ನನಗೆ ಅವತ್ತು ತಿಳಿಯಲಿಲ್ಲ. ಕಡೆಗೆ ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ದೇವರ ಗೂಡಿನ ಕಡೆ ತಿರುಗಿ, "ನಿನ್ನ ಲೀಲೆ ನಮಗೇನು ಗೊತ್ತಪ್ಪ" ಎಂದರು. ಅವರು ಅತ್ತದ್ದನ್ನು ನಾನು ಕಂಡದ್ದು ಅವತ್ತೇ.

ಅಲ್ಲಿಂದ ಅತ್ತೆ ಬೇರೆ ಮನುಷ್ಯರಾದರು. ನನ್ನ ಬಿಂದಿಗೆಯ ಬಟ್ಟೆ ಬಿಚ್ಚಿಹಾಕು, ಅದನ್ನು ಮನೆಗೆ ಬಳಸು ಎಂದರು. ನಕ್ಕರು, ಸಾಕಮ್ಮನ ಜೊತೆ ತಮಾಷೆ ಮಾಡಿದರು. ಜ್ವರದ ಬಿಸಿಗೆ ನಿಮ್ಮತ್ತೆಯ ಜಿಪುಣತನ ಕರಗಿಹೋಯ್ತು ನೋಡು ಎಂದು ಸಾಕಮ್ಮ ಎಂದಾಗ, ಅತ್ತೆ ಅವಳಿಗೆ ಕೇಳುವ ಹಾಗೆಯೇ, ಕರಗಿದ್ದನ್ನ ಚೊಂಬಿನಲ್ಲಿ ಹಿಡಿದಿಟ್ಟಿದೀನಿ, ಬೇಕಾದರೆ ಬಂದು ತಗೊಂಡು ಹೋಗು ಎಂದರು. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿದರು. ದಿನಕ್ಕೆ ಒಂದೊಂದು ಚೊಂಬು ಅದಕ್ಕೆ ಹಾಕು, ಅವನು ಬಂದ ದಿನ ಎಣ್ಣೆ ಹಚ್ಚಿ ಮೈ ತುಂಬ ನೀರು ಹಾಕಬೇಕು ಎಂದರು. ಬಿಸಿಲಲ್ಲಿ ಕಾಯಿಸಿದ್ದು ಸಾಲದು, ಅವನಿಗೆ ಬಿಸಿನೀರೇ ಆಗಬೇಕು ಎಂದು ಒಳ್ಳೆಯ ಜಾಲಿಕಟ್ಟಿಗೆಯನ್ನು ಬೇರೆ ಎತ್ತಿಡಿಸಿದರು. ಮಧ್ಯಾಹ್ನ ಜಗಲಿಯ ಮಂಚದಿಂದ ಈಗ ಅವರು ಕೂಗುವುದು, "ಬಂತಾ ಕೆಂಚಿ?" ಒಳಗಿನಿಂದ ನಾನು, ನೀರು ಬೀಳುವ ಸದ್ದಾಗದಂತೆ ಮೆಲ್ಲಗೆ ಬಗ್ಗಿಸುತ್ತಾ, "ಬಂತು ಅತ್ತೆ."

ಹೀಗೇ ಎರಡು ತಿಂಗಳಾಗಿರಬಹುದು. ಒಂದು ದಿನ ನಾನು ಪಾತ್ರೆಗಳನ್ನು ಬೂದಿಯಲ್ಲಿ ಉಜ್ಜಿ ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ಅತ್ತೆ ಮಲಗಿದಲ್ಲಿಂದ ನೋಡಿ, "ಇನ್ನೂ ಯಾಕೆ ಅಷ್ಟು ಹಿಡಿತ ಮಾಡ್ತೀಯೆ? ಈಗ ಮನೆಗೆ ಎರಡು ಬಿಂದಿಗೆ ಇದೆಯಲ್ಲ. ಒಂಬತ್ತು ವರ್ಷ ಒಂದರಲ್ಲೇ ತಳ್ಳಿದ ರೂಢಿ, ಕೈ ಬಿಡೋದಿಲ್ಲ ನೋಡು" ಎಂದರು.

"ನಿಮ್ಮದು ದೇವರಿಗೆ ಹೋಗ್ತಿತ್ತಲ್ಲ ಅತ್ತೆ" ಎಂದೆ.

"ಹೂಂ. ದೇವರಿಗೆ" ಎಂದು ಗೋಡೆಯ ಕಡೆ ತಿರುಗಿದರು.

ನಮ್ಮ ಮನೆಯ ದೇವರು ಹೆಬ್ಬೆರಳಷ್ಟು ಎತ್ತರ. ಒಂದು ಉದ್ಧರಣೆ ನೀರು ಹಾಕಿದರೆ ಪೂರ್ತಿ ನೆನೆಯುತ್ತಾನೆ. ಒಂದು ಬಿಂದಿಗೆ ನೀರನ್ನು ಅವನು ಒಂಬತ್ತು ವರ್ಷ ಏನು ಮಾಡಿದ? ಮಾರನೆಯ ಮಧ್ಯಾಹ್ನ ಒಳಗೆ ಹೋದಾಗ ನಾನು ರುದ್ರೇಶನ ಬಿಂದಿಗೆಯನ್ನು ಎತ್ತಿಕೊಂಡು ಬೆಳಕಿಂಡಿಯ ಕೆಳಗೆ ನಿಂತೆ. ಆ ಸವೆದ ತಗ್ಗಿನ ಮೇಲೆ ಬೆರಳಾಡಿಸಿದೆ. ಒಂದು ಹೆಬ್ಬೆರಳಗಲ, ನಯವಾಗಿ, ದಿನಾ ಒಂದೇ ಜಾಗದಲ್ಲಿ ಏನೋ ಉಜ್ಜಿದ ಹಾಗೆ. ಅತ್ತೆಯ ಬಿಂದಿಗೆಯ ಕಂಠವನ್ನು ನೋಡಿದೆ. ಅದರಲ್ಲೂ ಹೊರಗಡೆ ಒಂದು ಕೆಂಪು ಗೆರೆ. ಎರಡನ್ನೂ ತಂದು ಸೇರಿಸಿದರೆ ಬೀಗಕ್ಕೆ ಕೀಲಿ ಕೂತ ಹಾಗೆ ಕೂತವು. ಕಟ್ಟೆಯ ಕೆಳಗೆ ನಾನು ಕೂತುಬಿಟ್ಟೆ.

ಅವನು ಸತ್ತು ಒಂಬತ್ತು ವರ್ಷವಾಗಿತ್ತು. ನಾನು ಬದುವಿನ ಮೇಲೆ ಅತ್ತದ್ದು ತಪ್ಪು ದಿನಕ್ಕೆ. ಹಣೆಗೆ ಕುಂಕುಮವಿಟ್ಟುಕೊಂಡು ನಾನು ದಾರಿಹೋಕರಿಗೆ ಸುರಿದದ್ದು ಅತ್ತೆಯ ಬಾಯಾರಿಕೆಯನ್ನು. ಅದಕ್ಕಿಂತ ಕೆಟ್ಟದ್ದು ಒಂದಿತ್ತು. ಅವನು ಇಲ್ಲವೆಂದು ಗೊತ್ತಿದ್ದದ್ದು ಅತ್ತೆಯೊಬ್ಬರಿಗೇ. ಒಣಗಿದ ಬಿಂದಿಗೆ ತುಂಬಿದ್ದನ್ನು ಕಂಡು, ದೇವರು ಮಗನನ್ನು ತಿರುಗಿ ಕೊಟ್ಟನೆಂದು ಈಗ ಹಂಡೆ ತುಂಬಿಸುತ್ತಿದ್ದಾರೆ. ಕೊಟ್ಟವಳು ನಾನು. "ಬಂತಾ ಕೆಂಚಿ?" ಎಂದು ಹೊರಗಿನಿಂದ ಕೇಳಿತು. ಆ ದನಿಯಲ್ಲಿ ನಗುವಿತ್ತು. "ಬಂತು ಅತ್ತೆ" ಎಂದೆ.

ಹೇಳಬಾರದು ಎಂದೇ ತೀರ್ಮಾನಿಸಿದ್ದೆ. ಇರುವಷ್ಟು ದಿನ ಆ ನಗುವೊಂದಿರಲಿ ಎಂದು. ಆದರೆ ಅವರು ನೀರು ಕುಡಿಯುವುದನ್ನು ಬಿಟ್ಟರು. ಕುಡಿಯಲು ಕೊಟ್ಟ ಲೋಟವನ್ನು ತುಟಿಗೆ ಸೋಕಿಸಿ ಪಕ್ಕಕ್ಕಿಡುತ್ತಿದ್ದರು, ಇದನ್ನೂ ಹಂಡೆಗೆ ಹಾಕು ಎನ್ನುತ್ತಿದ್ದರು. ಗಂಜಿ ಬೇಡ, ಮುದ್ದೆ ಸಾಕು. ನೆಲ್ಲಿಚೂರು ಬಾಯಲ್ಲಿದೆಯಲ್ಲ, ಅದು ಸಾಕು. ಇನ್ನೇನು ಬಂದುಬಿಡ್ತಾನೆ, ಹಂಡೆ ಅರ್ಧವೂ ಆಗಿಲ್ಲ ಎಂದು ಅವಸರ. ಕಾಲಿನ ಚರ್ಮ ಹಿಂಡಿದರೆ ಹಿಂಡಿದ ಹಾಗೇ ನಿಲ್ಲತೊಡಗಿತು. ಪಂಡಿತರನ್ನು ಕರೆಸಿದೆ. ಅವರು ನಾಲಿಗೆ ನೋಡಿ ನನ್ನನ್ನು ಜಗಲಿಗೆ ಕರೆದು, ಔಷಧಿಯೇನೂ ಇಲ್ಲ, ನೀರು ಕುಡಿಸು, ಇಲ್ಲದಿದ್ದರೆ ಹದಿನೈದು ದಿನ ದಾಟುವುದಿಲ್ಲ ಎಂದರು. ನಾನು ಲೋಟ ಹಿಡಿದು ಕಾಲು ಹಿಡಿಯುವುದೊಂದು ಬಾಕಿ. ಅವರು ಮಗುವಿನ ಹಾಗೆ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು. ಅವನು ಬಂದ ಮೇಲೆ ಕುಡೀತೀನಿ ಎಂದರು.

ಆ ಸಂಜೆ ಅರವಟ್ಟಿಗೆಯಲ್ಲಿ ದೂರದಿಂದ ನಡೆದು ಬಂದ ಒಬ್ಬ ಮುದುಕಿ ಕೂತಿದ್ದಳು. ನಾನು ಸುರಿದ ನೀರನ್ನು ಬೊಗಸೆ ಬೊಗಸೆಯಾಗಿ ಕುಡಿದಳು. ಗಂಟಲಿನ ನರ ಏಳುತ್ತಾ ಇಳಿಯುತ್ತಾ ಇದ್ದುದನ್ನೇ ನೋಡುತ್ತಾ ನಿಂತೆ. ಕುಡಿದು ಮುಗಿಸಿ ಅವಳು ಎಲ್ಲರಂತೆಯೇ ಹೇಳಿದಳು. ನಾನು ಸೆರಗೊಡ್ಡಲಿಲ್ಲ. ಬರಿಯ ಬಿಂದಿಗೆ ಹಿಡಿದು ಮನೆಗೆ ಬರುವಾಗ ಗುಡಿಯ ಮುಂದೆ ನಿಂತು ಕೈಮುಗಿದೆ. ಬೇರೇನನ್ನೂ ಬೇಡಿಕೊಳ್ಳಲಿಲ್ಲ. ಮಾತಾಡುವಷ್ಟು ಹೊತ್ತು ನಾಲಿಗೆ ತಡವರಿಸದಿರಲಿ ಎಂದಷ್ಟೇ.

ಮನೆಗೆ ಬಂದು ಅವನ ಬಿಂದಿಗೆಯನ್ನು ಅತ್ತೆಯ ಮಂಚದ ಪಕ್ಕ ಇಟ್ಟೆ. ಅವರ ಬಿಂದಿಗೆಯನ್ನೂ ತಂದೆ. ಅವರ ಕೈಹಿಡಿದು ಅವನದರ ಅಂಚಿನ ತಗ್ಗಿನ ಮೇಲೆ ಇರಿಸಿದೆ. ಅವರ ಬೆರಳಿಗೆ ಆ ಜಾಗ ಗೊತ್ತಿತ್ತು. ಬೆರಳು ಅಲ್ಲೇ ನಿಂತಿತು.

"ನನಗೆ ಗೊತ್ತಾಯ್ತು ಅತ್ತೆ" ಎಂದೆ. "ನಿಮಗೆ ಜ್ವರ ಬಂದ ದಿನ ಇದು ಒಣಗಿತ್ತು. ಅವತ್ತಿನಿಂದ ನಾನೇ ತುಂಬಿಸ್ತಿದೀನಿ."

ಅವರು ನನ್ನನ್ನು ನೋಡಿದರು. ಅವರ ಮುಖದಿಂದ ಮಗ ಎರಡನೆಯ ಸಲ ಹೋಗುವುದನ್ನು ನಾನು ಎದುರಿಗೇ ಕೂತು ನೋಡಿದೆ.

"ಹಾಗಾದ್ರೆ ಅವನು ಬಂದಿರಲಿಲ್ಲ" ಎಂದರು.

"ಇಲ್ಲ ಅತ್ತೆ."

ಹೊರಗೆ ಸಾಕಮ್ಮ ಕೋಳಿಗಳನ್ನು ಗೂಡಿಗೆ ಕೂಡುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ನಾನು ಕೇಳಿದೆ, ನನಗೇಕೆ ಹೇಳಲಿಲ್ಲ ಎಂದು. ಕೇಳುವಾಗ ನನ್ನ ದನಿ ಒರಟಾಗಿದ್ದಿರಬೇಕು. ಇಪ್ಪತ್ತೆರಡರಿಂದ ಮೂವತ್ತೊಂದರವರೆಗೆ ನಾನು ಒಬ್ಬ ಇಲ್ಲದವನಿಗಾಗಿ ಕಾದಿದ್ದೆ.

"ಅವತ್ತು ನೀನು ಜಗಲಿ ಮೇಲೆ ಸೀಗೇಕಾಯಿ ಕುಟ್ತಿದ್ದೆ" ಎಂದರು ಅತ್ತೆ. "ಕುಟ್ತಾ ಹಾಡ್ತಿದ್ದೆ. ನಾನು ಒಳಗೆ ಬಂದು ನೋಡಿದೆ, ಒಣಗಿತ್ತು. ಹಾಡು ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡು ನನ್ನದನ್ನ ಸುರಿದೆ. ಅಷ್ಟೇ ಕೆಂಚಿ. ಮಾರನೇ ದಿನ ಹೇಳೋಣ ಅಂದ್ಕೊಂಡೆ. ನಿನ್ನ ಬಳೆ ಉಳೀಲಿ ಅಂತ ಮಾಡಿದೆ ಅಂದ್ರೆ ಅರ್ಧ ಸುಳ್ಳಾಗ್ತದೆ. ಹೇಳಿದ್ರೆ ನೀನು ನಿನ್ನ ಬಿಂದಿಗೆ ಎತ್ಕೊಂಡು ತವರಿಗೆ ಹೋಗ್ತಿದ್ದೆ. ಕಟ್ಟೆ ಮೇಲೆ ನನ್ನದೊಂದೇ ಇರ್ತಿತ್ತು. ಅದನ್ನ ನೋಡೋಕೆ ನನಗೆ ಧೈರ್ಯ ಆಗಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅವರ ತುಟಿ ಒಡೆದು ಬಿಳಿಯ ಸಿಪ್ಪೆ ಎದ್ದಿತ್ತು. ಒಂಬತ್ತು ವರ್ಷ ಆ ಬಾಯಲ್ಲಿದ್ದದ್ದು ಮಡಿಯಲ್ಲ, ಒಂದು ನೆಲ್ಲಿಚೂರು. ಸಿಟ್ಟು ಬಂದು, ನಿಲ್ಲಲು ಜಾಗ ಕಾಣದೆ ಹೋಯಿತು.

"ಹಂಡೆ ಕೆಳಗೆ ಉರಿ ಹಾಕು" ಎಂದರು ಅತ್ತೆ. ಸಾವಿನ ಸ್ನಾನಕ್ಕೆ ತಣ್ಣೀರು ಎಂಬುದು ಊರ ಪದ್ಧತಿ. ನಾನು ಹಾಗೆಂದಾಗ ಅವರು, "ಅವನಿಗೆ ಅಂತ ಇಟ್ಟದ್ದು. ಅವನಿಗೆ ಬಿಸಿನೀರೇ ಆಗಬೇಕಿತ್ತು" ಎಂದರು. ಎತ್ತಿಟ್ಟ ಜಾಲಿಕಟ್ಟಿಗೆಯನ್ನೆಲ್ಲ ಒಡ್ಡಿದೆ. ಆ ಮನೆಯ ಬಚ್ಚಲಲ್ಲಿ ಅಷ್ಟು ದೊಡ್ಡ ಉರಿಯನ್ನು ನಾನು ಕಂಡಿರಲಿಲ್ಲ. ಅವರನ್ನು ಎತ್ತಿಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿದೆ. ಹಕ್ಕಿಯಷ್ಟು ಹಗುರವಾಗಿದ್ದರು. ತಲೆಯ ಮೇಲೆ ಚೊಂಬು ಚೊಂಬಾಗಿ ಸುರಿದೆ. ಕೂದಲು ಹಣೆಗೆ ಅಂಟಿ, ನೀರು ಮೂಗಿನ ತುದಿಯಿಂದ ಇಳಿದು, ಅವರು ಕಣ್ಣುಮುಚ್ಚಿ ಕೂತಿದ್ದರು. ಆಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು, ನನಗೂ ಸುರಿದರು. ಹಾಗೆ ಸುರಿದ ನೀರು ಬಚ್ಚಲಿಂದ ಹರಿದು ನುಗ್ಗೆಗಿಡದ ಬುಡ ದಾಟಿ ಅಂಗಳದವರೆಗೆ ಹೋಯಿತು. ಇಬ್ಬರೂ ಅದನ್ನು ತಡೆಯಲಿಲ್ಲ. ಒಂಬತ್ತು ವರ್ಷ ಅಳೆದಿಟ್ಟಿದ್ದ ಅಳು ಅವತ್ತು ಅಳತೆಯಿಲ್ಲದೆ ಹೋಯಿತು.

ಹಂಡೆಯ ತಳದಲ್ಲಿ ಒಂದು ಚೊಂಬು ಉಳಿದಿತ್ತು. ಆರಿಸಿ ತಂದು ಕೈಗೆ ಕೊಟ್ಟೆ. ಅವರು ಅದನ್ನು ತುಟಿಯಿಂದ ತೆಗೆಯದೆ ಕುಡಿದರು. ಕುಡಿದು ಉಸಿರು ತೆಗೆದುಕೊಂಡು, ಮತ್ತೆ ಕುಡಿದರು.

ಮಾರನೆಯ ದಿನ ಬಳೆ ತೆಗೆದಿಟ್ಟೆ. ರುದ್ರೇಶನ ಬಿಂದಿಗೆಯನ್ನು ಹೊಂಗೆಮರದ ಕೆಳಗೆ ಬೋರಲು ಹಾಕಿ ಬಂದೆ. ಊರಿಗೆ ಏನು ಹೇಳಬೇಕೋ ಅತ್ತೆಯೇ ಹೇಳಿದರು. ಸಾಕಮ್ಮ ಮೂರು ದಿನ ನಮ್ಮ ಜಗಲಿಗೆ ಬರಲಿಲ್ಲ. ನಾಲ್ಕನೆಯ ದಿನ ಒಂದು ಚೊಂಬು ನೀರು ತಂದು, ಬಾಗಿಲಲ್ಲಿಟ್ಟು ಹೋದಳು. ಹದಿನಾರನೆಯ ದಿನ ತವರಿನಿಂದ ನನ್ನ ಅಣ್ಣ ಬಂದ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾನು ಕಟ್ಟೆಯಿಂದ ನನ್ನ ಬಿಂದಿಗೆ ಎತ್ತಿದೆ. ಎತ್ತಿ, ತೊಳೆದು, ಮತ್ತೆ ಅತ್ತೆಯದರ ಪಕ್ಕದಲ್ಲೇ ಇಟ್ಟೆ. ಅಣ್ಣ ಊಟ ಮಾಡಿಕೊಂಡು ಹೋದ. ಊರಿನವರು ಒಂದಷ್ಟು ದಿನ ಮಾತಾಡಿಕೊಂಡರು.

ಅದಾದ ಮೇಲೆ ನಾಲ್ಕು ವರ್ಷ ನಾವಿಬ್ಬರೂ ಎರಡು ಬಿಂದಿಗೆಯಲ್ಲಿ ಬದುಕಿದೆವು. ಸಂಜೆ ಇಬ್ಬರ ನೀರಲ್ಲೂ ಒಂದೊಂದು ಚೊಂಬು ತೆಗೆದು ಅರವಟ್ಟಿಗೆಗೆ ಒಯ್ಯುತ್ತಿದ್ದೆ, ಅದನ್ನು ನಿಲ್ಲಿಸಬೇಡ ಎಂದಿದ್ದರು ಅತ್ತೆ. ಬೇಳೆಯನ್ನು ಈಗಲೂ ಬುಟ್ಟಿಯಲ್ಲೇ ಬೇಯಿಸುತ್ತಿದ್ದೆವು, ದೀಪ ಈಗಲೂ ಒಂದೇ. ಆದರೆ ಊಟಕ್ಕೆ ಕೂತಾಗ ಅವರ ಮುಂದೆ ತುಂಬಿದ ಲೋಟವಿರುತ್ತಿತ್ತು, ನಾನು ನೋಡುತ್ತಿರುವಾಗಲೇ ಕುಡಿಯುತ್ತಿದ್ದರು. ಮಧ್ಯಾಹ್ನ ಜಗಲಿಯಿಂದ ಅದೇ ಮಾತು, "ಬಂತಾ ಕೆಂಚಿ?" ಒಳಗಿನಿಂದ "ಬಂತು ಅತ್ತೆ." ಸುಳ್ಳಿಲ್ಲದೆ ಆ ಮಾತು ಹೇಳಲು ಬಾಯಿಗೆ ಎಷ್ಟು ಹಗುರವಾಗಿತ್ತು.

ನಾಲ್ಕನೆಯ ವರ್ಷದ ಚಳಿಗಾಲ. ಮಂಚವನ್ನು ಬಿಸಿಲು ಬೀಳುವಲ್ಲಿ ಇಟ್ಟು, ಕೌದಿಯನ್ನು ಎದೆಯವರೆಗೆ ಎಳೆದು, ಎರಡನೆಯ ಗಂಟೆ ಕೇಳಿದ ಮೇಲೆ ಒಳಗೆ ಹೋದೆ. ನನ್ನ ಬಿಂದಿಗೆ ತುಂಬಿತ್ತು. ಪಕ್ಕದ್ದು ಒಣಗಿತ್ತು. ಹೊರಗಿನಿಂದ ಯಾರೂ ಏನೂ ಕೇಳಲಿಲ್ಲ. ಕೈ ತನ್ನಷ್ಟಕ್ಕೆ ನನ್ನ ಬಿಂದಿಗೆಯನ್ನು ಎತ್ತಿಬಿಟ್ಟಿತ್ತು. ಅದರ ಬಾಯನ್ನು ಅತ್ತೆಯದರ ಬಾಯಿಗೆ ತಂದು, ಬಗ್ಗಿಸದೆ, ಹಾಗೇ ಹಿಡಿದು ನಿಂತೆ. ಆಮೇಲೆ ಬಾಗಿಲ ಕಡೆ ತಿರುಗಿ, ದಿನಾ ಹೇಳುವ ದನಿಯಲ್ಲ, ಸ್ವಲ್ಪ ಮೆಲ್ಲಗೆ ಹೇಳಿದೆ.

"ಬಂತು ಅತ್ತೆ."